ಹಿನ್ನೀರಿನ ಟಾಕಿ ಮತ್ತು ನೇವಿ ಕಾಕಾ

ಕಳೆದ ತಿಂಗಳು ಮುದ್ದೇಬಿಹಾಳದಿಂದ ಫೋನ್ ಬಂತು, ಅವರು ಹೋದರು ಅಂತ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರನ್ನು ಬಹಳ ಮಂದಿ ತಮತಮಗೆ ಬೇಕಾದ ಹಾಗೆ ಬಳಸಿಕೊಂಡಿದ್ದಾರೆ, ಈಗಲಾದರೂ ಅದಕ್ಕೆ ರೆಸ್ಟ್ ಸಿಗಲಿ. ಆಲಮಟ್ಟಿಯ ಕಾಲೊನಿಯಲ್ಲಿ ನಾವು ಅವರನ್ನು ನೇವಿ ಕಾಕಾ ಅನ್ನುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ. ಆದರೆ ಮಕ್ಕಳು ಕರೆದದ್ದನ್ನೇ ದೊಡ್ಡವರೂ ಕರೆಯುವುದು ನಮ್ಮ ಕಡೆಯ ರೂಢಿ. ಅವರು ನನ್ನನ್ನು ಅಕ್ಕಾವ್ರ ಅನ್ನುತ್ತಿದ್ದರು. ಸಾಲಿ ಕಲಿಸುವ ಹೆಂಗಸರನ್ನೆಲ್ಲ ಇಲ್ಲಿ ಹಾಗೇ ಅನ್ನುವುದು. ಧಾರವಾಡದ ಕಾನ್ವೆಂಟಿನಲ್ಲಿ ಕಲಿತು "ಮಿಸ್" ಅನ್ನಿಸಿಕೊಳ್ಳಬೇಕು ಅಂತ ಬಂದವಳಿಗೆ ಮೊದಮೊದಲು ಇರಿಸುಮುರಿಸಾಗುತ್ತಿತ್ತು. ಆಮೇಲೆ, ಟು ಬಿ ಫ್ರ್ಯಾಂಕ್, ಯಾರಾದರೂ ಮಿಸ್ ಅಂದರೆ ಹಿಂದೆ ತಿರುಗಿ ಯಾರನ್ನು ಕರೆದರು ಅಂತ ನೋಡುವ ಹಾಗಾಯಿತು.

ಕಡೆಯ ಸಲ ಅವರನ್ನು ಕಂಡದ್ದು ಟಿವಿಯಲ್ಲಿ ಆ ಪುಟ್ಟ ನೌಕೆಯ ಸುದ್ದಿ ಬರುತ್ತಿದ್ದ ದಿನಗಳಲ್ಲಿ. ಎಲ್ಲೋ ಮಹಾಸಾಗರದ ತಳದಲ್ಲಿ ಮಲಗಿದ ಹಳೆಯ ಹಡಗನ್ನು ತೋರಿಸುತ್ತೇವೆ ಅಂತ ಶ್ರೀಮಂತ ಪ್ರವಾಸಿಗರನ್ನು ಕೂಡಿಸಿಕೊಂಡು ಇಳಿದದ್ದು, ಮೇಲೆ ಬರಲಿಲ್ಲ. ಬಾಗಿಲನ್ನು ಹೊರಗಿನಿಂದ ಬೋಲ್ಟ್ ಹಾಕಿ ಬಿಗಿಯುತ್ತಿದ್ದರಂತೆ, ಯಾವ ಸರ್ಟಿಫಿಕೇಟೂ ಇರಲಿಲ್ಲವಂತೆ, ತಿಳಿದವರು ಬೇಡ ಅಂದದ್ದನ್ನು ಕೇಳಲಿಲ್ಲವಂತೆ. ಟಿವಿಯ ಹುಡುಗಿ ಇದನ್ನೆಲ್ಲ ಹೊಸ ಮಾತು ಅನ್ನುವ ಹಾಗೆ ಹೇಳುತ್ತಿದ್ದಳು. ಕಾಕಾ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬಹಳ ಹೊತ್ತು ನೋಡಿ, "ಅಕ್ಕಾವ್ರ, ಅವರ ಮನ್ಯಾಗಿನ ಮಂದಿಗೆ ಏನಾತಂತ ಯಾರರ ಖರೇ ಹೇಳ್ತಾರೇನ್ರಿ?" ಅಂದರು.

"ಹೇಳಬಹುದು" ಅಂದೆ.

"ಹೇಳಬೇಕ್ರಿ. ಛಲೋ ಸಾವು ಬಂತು ಅಂತ ಹೇಳಿ ಕೈ ತೊಳಕೋಬಾರ್ದು." ಅಷ್ಟು ಹೇಳಿ ಟಿವಿ ಬಂದ್ ಮಾಡಿಸಿದರು.

ಎತ್ತರದ ಆಳು. ನಡೆಯುವಾಗ ಕಾಲು ಅಗಲಿಸಿ ಇಡುತ್ತಿದ್ದರು, ನೆಲ ಯಾವ ಗಳಿಗೆಯಲ್ಲಾದರೂ ಒಂದು ಕಡೆ ವಾಲೀತು ಅನ್ನುವ ಹಾಗೆ. ಇಪ್ಪತ್ತು ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ಕಳೆದ ಕಾಲುಗಳು ಅವು. ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುವರು. ಕೂತಲ್ಲಿ ಕೈಗೆ ಸಿಕ್ಕ ದಾರ, ಕಾಲುಚೀಲ, ಹೆಂಗಸರ ಸೆರಗಿನ ಅಂಚು, ಏನಿದ್ದರೂ ಗಂಟು ಹಾಕಿ ಬಿಚ್ಚುವರು. ಯಾವುದೇ ಕಬ್ಬಿಣದ ಸಾಮಾನು ಕಂಡರೂ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು ಕೇಳುವರು. ನಮ್ಮ ಸಾಲಿಯ ಗೇಟನ್ನು ಹಾಗೆ ಬಡಿದು ನೋಡಿ, "ಕೆಳಗಿನ ಬಿಜಾಗರಿ ಈ ವರ್ಷ ಕೈ ಕೊಡ್ತೈತಿ" ಅಂದಿದ್ದರು. ಕೊಟ್ಟಿತು. ನೀರಿನ ವಿಷಯ ಬಂದರೆ ಅವರದೊಂದು ಮಾತಿತ್ತು: "ನೀರಿಗೆ ಸಿಟ್ಟಿಲ್ರಿ, ಬುದ್ಧಿನೂ ಇಲ್ಲ. ಸಂದಿ ಸಿಕ್ಕರ ಒಳಗ ಬರ್ತೈತಿ, ಅಷ್ಟ." ಇಷ್ಟು ತಿಳಿದಿದ್ದ ಮನುಷ್ಯ ಅವರು. ನನಗೆ ಇವತ್ತಿಗೂ ಸಂಕಟವಾಗುವುದು ಅದಕ್ಕೇ.

ಅವರ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅದು ಮುಳುಗುವಾಗ ಅವರು ಸಮುದ್ರದ ಮೇಲಿದ್ದರು. ನೌಕರಿ ಮುಗಿಸಿ ಟ್ರಂಕು ಹಿಡಿದು ಬಂದಾಗ ಬಸ್ಸು ನೀರಿನ ಅಂಚಿಗೆ ನಿಂತಿತಂತೆ. ಡಾಂಬರು ರಸ್ತೆ ಹಾಗೇ ನೀರಿನೊಳಗೆ ಇಳಿದುಹೋಗಿತ್ತು. "ಕಂಡಕ್ಟರ್ ನಿಮ್ಮೂರ ಬಂತು, ಇಳೀರಿ ಅಂದ. ಎಲ್ಲಿಗೆ ಇಳೀಬೇಕೋ ಮಾರಾಯಾ ಅಂದೆ" ಅಂತ ನಗುತ್ತ ಹೇಳುತ್ತಿದ್ದರು. ಗುಡ್ಡದ ಮೇಲಿನ ಹೊಸ ಊರಿನಲ್ಲಿ ಅವರ ತಾಯಿ ಇದ್ದಳು, ಪಕ್ಕದ ಮನೆಯಲ್ಲಿ ತಂಗಿಯ ಸಂಸಾರ.

ಆ ತಾಯಿಯನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಹಲ್ಲಿತ್ತು. ಊರು ಸ್ಥಳಾಂತರ ಮಾಡುವಾಗ ದ್ಯಾಮವ್ವನ ಮೂರ್ತಿಯನ್ನು ಮೆರವಣಿಗೆಯಲ್ಲಿ ತಂದು ಹೊಸ ಗುಡಿಯಲ್ಲಿ ಕೂಡಿಸಿದ್ದರು. ಆಯಿ ಮಾತ್ರ ಆ ಗುಡಿಗೆ ಹೋಗಲಿಲ್ಲ. "ಮನ್ಯಾಗಿನ ಫೋಟೋ ತಗೊಂಡ ಬಂದ್ರ ಮನೀನ ಬಂದಂಗೇನ? ಅಕಿ ಇನ್ನಾ ಅಲ್ಲೇ ಅದಾಳ" ಅನ್ನುವಳು. ಅಮಾವಾಸ್ಯೆಗೊಮ್ಮೆ ನೀರಿನ ದಂಡೆಗೆ ಹೋಗಿ ಕಾಯಿ ಒಡೆದು ಬರುವಳು. ಬೇಸಿಗೆಯಲ್ಲಿ ನೀರು ಸರಿದಾಗ ಮೇಲಿನ ಓಣಿಯ ಮೋಟುಗೋಡೆಗಳು ತಲೆ ಎತ್ತುತ್ತಿದ್ದವು. ದ್ಯಾಮವ್ವನ ಗುಡಿ ಹೊಳೆಯ ಪಕ್ಕದ ತಗ್ಗಿನಲ್ಲಿದ್ದದ್ದು, ಎಂದೂ ಏಳಲಿಲ್ಲ. ದಮ್ಮು ಇದ್ದ ಮುದುಕಿ. ಗುಡ್ಡ ಹತ್ತುವಾಗ ಎದೆ ಸಿಳ್ಳೆ ಹೊಡೆಯುತ್ತಿತ್ತು. ಒಂದು ದಿನ ಹಾಗೆ ಏದುಸಿರು ಬಿಡುತ್ತ ಬಂದು ಕಟ್ಟೆಯ ಮೇಲೆ ಕೂತು ಮಗನಿಗೆ ಅಂದಳಂತೆ, "ಇಪ್ಪತ್ತ ವರ್ಷ ಸಮುದ್ರದಾಗ ಇದ್ದಿ. ನನ್ನ ಹೊಳಿಯಾಗ ಒಂದ ಸಲ ಇಳಿಸಿ ದ್ಯಾಮವ್ವನ ಮಾರಿ ತೋರಸಾಕ ಆಗಂಗಿಲ್ಲ ನಿನಗ. ಮತ್ತ್ಯಾತರ ನೌಕರಿ ಮಾಡಿದ್ಯೋ?"

ಬೇರೆ ಮಗನಾದರೆ ನಕ್ಕು ಬಿಡುತ್ತಿದ್ದ. ಕಾಕಾ ಮರುದಿನ ಗುಜರಿಗೆ ಹೋದರು.

ಒಂದು ಹಳೆಯ ಡೀಸೆಲ್ ಟಾಕಿ, ಆಳೆತ್ತರದ ಕಬ್ಬಿಣದ ಟ್ಯಾಂಕು, ತಂದರು. ಒಳಗೆ ಕಬ್ಬಿಣದ ಪಟ್ಟಿ ಸುತ್ತಿ ವೆಲ್ಡಿಂಗ್ ಮಾಡಿದರು, ಎದುರಾಬದುರಾ ಬೆಂಚು ಕೂಡಿಸಿದರು, ಒಂದು ಬದಿಗೆ ದಪ್ಪನೆಯ ಗಾಜಿನಂಥ ಪ್ಲಾಸ್ಟಿಕ್ಕನ್ನು ಮುಂಬಯಿಯಿಂದ ತರಿಸಿ ಕಿಟಕಿ ಮಾಡಿದರು. ತೇಲಬಾರದು ಅಂತ ಬುಡಕ್ಕೆ ಕಾಂಕ್ರೀಟ್ ಕಟ್ಟಿದರು. ಮೇಲೆ ದುಂಡನೆಯ ಮುಚ್ಚಳ, ಸುತ್ತ ಬೋಲ್ಟು. ಡ್ರಮ್ಮುಗಳ ಮೇಲೆ ಕಬ್ಬಿಣದ ತೆಪ್ಪ ಕಟ್ಟಿ, ಅದರ ಮೇಲೆ ವಿಂಚ್ ಇಟ್ಟು, ತಂತಿಹಗ್ಗದಿಂದ ಟಾಕಿಯನ್ನು ನೀರಿಗೆ ಇಳಿಸುವುದು, ಎತ್ತುವುದು. ಅವರು ಅದನ್ನು ಚೇಂಬರ್ ಅನ್ನುತ್ತಿದ್ದರು. ಊರವರು ಕಡೆಯವರೆಗೂ ಟಾಕಿ ಅಂದರು.

ಮೊದಲು ಇಳಿದದ್ದು ಆಯಿಯ ಕೋಳಿ. ಬುಟ್ಟಿಯಲ್ಲಿ ಕೂಡಿಸಿ ಅರ್ಧ ತಾಸು ತಳದಲ್ಲಿಟ್ಟು ಎತ್ತಿದರು. ಕೋಳಿ ಮೇಲೆ ಬಂದು ಮೈ ಕೊಡವಿ ತೆಪ್ಪದ ಮೇಲೆ ಅಡ್ಡಾಡಿತು. ಆಯಿ, "ಅಕಿಗೆ ದರ್ಶನ ಆತು. ನನಗ ಯಾವಾಗ?" ಅಂದಳು. ಆಮೇಲೆ ಕಾಕಾ ತಾವೇ ಇಳಿದರು. ಐದಾರು ಆಳು ನೀರಿನ ಕೆಳಗೆ, ಬ್ಯಾಟರಿ ದೀಪದ ಹಸಿರು ಬೆಳಕಿನಲ್ಲಿ ಗುಡಿಯ ಗೋಡೆ, ಕಲ್ಲಿನ ಕಂಬ, ಬಾಗಿಲ ಚೌಕಟ್ಟು ಎಲ್ಲ ಇದ್ದಲ್ಲೇ ಇದ್ದವಂತೆ. ಮೇಲೆ ಬಂದು ಕಂಡದ್ದನ್ನೆಲ್ಲ ತಾಯಿಗೆ ಒಂದೊಂದಾಗಿ ಹೇಳಿದರು. ಆ ಸುದ್ದಿಗೆ ರೆಕ್ಕೆ ಬಂದವು.

ಸಿಂದಗಿ ಕಡೆಯ ಒಬ್ಬ ಸಾವಕಾರರು, ಲಾಡ್ಜ್ ನಡೆಸುವವರು, ಹುಡುಕಿಕೊಂಡು ಬಂದರು. ಮುಳುಗಿದ ಗುಡಿಯ ದರ್ಶನ ಅಂದರೆ ಮಂದಿ ಬಸ್ ಮಾಡಿಕೊಂಡು ಬರುತ್ತಾರೆ ಅಂತ ಅವರ ಲೆಕ್ಕ. ಕಾಕಾನ ಉಳಿತಾಯವೆಲ್ಲ ಟಾಕಿಯಲ್ಲಿ ಮುಗಿದಿತ್ತು. ಹೊಸ ವಿಂಚು, ದೊಡ್ಡ ತೆಪ್ಪ ಸಾವಕಾರರದು, ಚಾಲಕ ಕಾಕಾ, ಹೀಗೆ ಪಾರ್ಟ್‌ನರ್‌ಶಿಪ್ ಆಯಿತು. ಪರವಾನಗಿಗೆ ಅಂತ ಕಾಕಾ ಅಲ್ಲಿ ಇಲ್ಲಿ ಅಡ್ಡಾಡಿದರು. ಒಬ್ಬರು ಇದು ದೋಣಿ ಅಲ್ಲ ಅಂದರು. ಇನ್ನೊಬ್ಬರು ಇದು ಬಾಯ್ಲರ್ ಅಲ್ಲ ಅಂದರು. ಮತ್ತೊಬ್ಬರು, "ಮ್ಯಾಲ ಕೆಳಗ ಹೋಗೋದು ಅಂದ್ರ ಲಿಫ್ಟ್ ಇದ್ದಂಗ ಆತು, ಆದ್ರ ಲಿಫ್ಟ್ ಅಂದ್ರ ಬಿಲ್ಡಿಂಗ್ ಬೇಕಲ್ರಿ" ಅಂದರಂತೆ. ಅದನ್ನು ಕಾಕಾ ನಮ್ಮ ಮನೆಯ ಪಡಸಾಲೆಯಲ್ಲಿ ಆ್ಯಕ್ಟಿಂಗ್ ಮಾಡಿ ತೋರಿಸಿದಾಗ, ಕಾಲುವೆ ಆಫೀಸಿನಲ್ಲಿದ್ದ ನಮ್ಮ ಯಜಮಾನರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಯಾರ ಕಾಯ್ದೆಯೂ ಮುಟ್ಟದ ಸಾಮಾನನ್ನು ಯಾರ ಕಣ್ಣೂ ಕಾಯುವುದಿಲ್ಲ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಮಂದಿ ಬಂದರು. ಇಂಡಿಯಿಂದ, ಬಸವನ ಬಾಗೇವಾಡಿಯಿಂದ, ಇಂಗಳೇಶ್ವರದಿಂದ ಬೈಕಿನ ಮೇಲೆ ಗಂಡಹೆಂಡಿರು. ಪಿಕ್‌ನಿಕ್ಕಿಗೆ ಬಂದವರಿಗಿಂತ ಹರಕೆ ಹೊತ್ತು ಬಂದವರೇ ಹೆಚ್ಚು. ಊರು ಕಳೆದುಕೊಂಡವರು, ಆ ಊರಿನಿಂದ ಲಗ್ನವಾಗಿ ಹೋದ ಹೆಣ್ಣುಮಕ್ಕಳು. ಹೆಣ್ಣುಮಕ್ಕಳು ದೇವಿಗೆ ಉಡಿ ತುಂಬುವ ಸಾಮಾನು ಕಟ್ಟಿಕೊಂಡೇ ಬರುವರು: ಅಕ್ಕಿ, ಕುಬಸದ ಖಣ, ಅರಿಷಿಣ, ಕಾಯಿ, ಊದಿನಕಡ್ಡಿ, ಕರ್ಪೂರ. ಕಾಕಾಗೆ ಅದರದೇ ಭಯ. ಟಾಕಿಗೆ ಹೊರಗಿನ ಗಾಳಿ ಇರಲಿಲ್ಲ. ಮೊದಲು ಮೇಲಿನಿಂದ ಒಂದು ಪೈಪು ಹಾಕಿದ್ದರು, ಅದು ಪದೇ ಪದೇ ಮಡಚಿಕೊಳ್ಳುತ್ತಿತ್ತು. ದವಾಖಾನೆಯ ನಳಿಕೆಯ ಹಾಗೆ ಕಾಣುತ್ತದೆ, ಮಂದಿ ಅಂಜುತ್ತಾರೆ ಅಂತ ಸಾವಕಾರರೂ ಅಂದರು, ತೆಗೆದರು. ಸ್ವಲ್ಪ ಹೊತ್ತಿನ ಮಾತು, ಒಳಗಿನ ಗಾಳಿಯೇ ಸಾಕು ಅನ್ನುವ ಲೆಕ್ಕ. ಆದ್ದರಿಂದ ಕಾಕಾ ಹತ್ತುವ ಮೊದಲು ಪ್ರತಿಯೊಬ್ಬರ ಗಂಟು ಬಿಚ್ಚಿಸುವರು. ಬೀಡಿ, ಕಡ್ಡಿಪೆಟ್ಟಿಗೆ, ಕರ್ಪೂರ ಎಲ್ಲ ತೆಪ್ಪದ ಮೇಲಿನ ಡಬ್ಬಿಗೆ. ಕಾಯಿ ತೆಪ್ಪದ ಮೇಲೇ ಒಡೆಯಬೇಕು. "ಒಳಗ ಕೈ ಮುಗೀರವ್ವ, ದೀಪ ಹಚ್ಚಬ್ಯಾಡ್ರಿ. ದೀಪ ನಿಮ್ಮ ಉಸಿರ ಕುಡೀತೈತಿ" ಅನ್ನುವರು. ಯಾರಾದರೂ ವಾದಿಸಿದರೆ ಮುಲಾಜಿಲ್ಲದೆ ಇಳಿಸಿ ಕಳಿಸುವರು. ಮುದ್ದೇಬಿಹಾಳದ ಒಬ್ಬ ದೊಡ್ಡ ಮನುಷ್ಯರನ್ನು ಕಿಸೆಯಲ್ಲಿ ಲೈಟರ್ ಇದ್ದದ್ದಕ್ಕೆ ಇಳಿಸಿದ್ದರು.

ಮೇಲಿನವರಿಗೆ ಸುದ್ದಿ ಮುಟ್ಟಿಸಲು ಒಂದು ಸುತ್ತಿಗೆ. ಕಬ್ಬಿಣದ ಗೋಡೆಗೆ ಒಂದು ಬಡಿತವೆಂದರೆ ನಿಲ್ಲಿಸು, ಎರಡೆಂದರೆ ಇನ್ನೂ ಇಳಿಸು, ಮೂರೆಂದರೆ ಎತ್ತು. ಫೋನಿನ ತಂತಿ ಹಾಕಬೇಕು ಅಂತ ಮಾತಿತ್ತು. ತಂತಿ, ಪೈಪು, ಇನ್ನೊಂದು ವಿಂಚು, ಬೋಲ್ಟು ಬಿಚ್ಚಲು ಇನ್ನೊಂದು ಪಾನಾ. ಕೇಳಿದಾಗೆಲ್ಲ ಸಾವಕಾರರು, "ಬರೂ ಸೀಸನ್ನಿಗೆ ಮಾಡೂಣು" ಅನ್ನುವರು. ನಾಲ್ಕು ಸಲ ಕೇಳಿದ ಮೇಲೆ ಕಾಕಾನೂ ಅದನ್ನೇ ಅನ್ನತೊಡಗಿದರು.

ಕಾಕಾ ನನ್ನ ಹತ್ತಿರ ಬಂದದ್ದು ನಮ್ಮ ಇಂಗ್ಲಿಷ್ ಮೀಡಿಯಮ್ ಸಾಲಿಯ ಮಕ್ಕಳನ್ನು ಕರೆದೊಯ್ಯುವ ವಿಷಯಕ್ಕೆ. ನಾನು ಹೆಡ್‌ಮಿಸ್ಟ್ರೆಸ್. ಮಕ್ಕಳು ಆಗಲೇ ಕುಣಿಯುತ್ತಿದ್ದರು. ನಾನು ಕೇಳಿದೆ, "ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲವಲ್ಲ?"

"ಬರಬಾರ್ದ್ರಿ ಅಕ್ಕಾವ್ರ. ಯಾರರ ಅಂಜಿ ತಗದ್ರಂದ್ರ ನೀರು ಒಳಗ ಬಂದ ಎಲ್ಲಾರೂ ಹೋಗ್ತಾರ."

"ಮತ್ತೆ ಮೇಲೆ ಬಂದ ಮೇಲೆ?"

"ಮ್ಯಾಲ ನಮ್ಮ ಮಂದಿ ಇರ್ತಾರಲ್ರಿ, ಬಿಚ್ಚತಾರ."

"ಅವರಿಗೇನಾದರೂ ಆದರೆ?"

ಕಾಕಾ ಬಸಿ ಕೆಳಗಿಟ್ಟು ನಕ್ಕರು. "ಅಕ್ಕಾವ್ರ, ನೀವು ನೇವಿಯಾಗ ಇರಬೇಕಿತ್ತು." ಅದು ಕಾಂಪ್ಲಿಮೆಂಟ್ ಅಂತ ನಾನು ತಿಳಿದೆ. ಉತ್ತರ ಅದರಲ್ಲಿ ಇರಲಿಲ್ಲ. ಒಂದು ಟ್ರಿಪ್ ನನ್ನ ಕಣ್ಣಾರೆ ನೋಡಿದ ಮೇಲೆ ಹೇಳುತ್ತೇನೆ ಅಂದೆ. "ಹಂಗಾರ ನಾಳಿನ್ನ ಬಿಟ್ಟ ನಾಡದ ಬರ್ರಿ. ಅವತ್ತ ಅವ್ವನ್ನ ಕರಕೊಂಡ ಹೊಂಟೇನಿ" ಅಂದರು.

ಹೌದು, ಅಷ್ಟು ದಿನವಾದರೂ ಆಯಿ ಇಳಿದಿರಲಿಲ್ಲ. ಯಾರಿಗಾಗಿ ಟಾಕಿ ಹುಟ್ಟಿತೋ ಅವಳನ್ನೇ ಮಗ ಮುಂದೂಡುತ್ತ ಬಂದಿದ್ದ. ದಮ್ಮು ಇದೆ, ನೀರು ತಿಳಿಯಾಗಲಿ, ಥಂಡಿ ಕಡಿಮೆಯಾಗಲಿ. ಆಯಿ ದಂಡೆಯ ಮೇಲೆ ಕೂತು ಬಂದವರಿಗೆಲ್ಲ ಹೇಳುವಳು, "ಊರ ಮಂದಿಗೆಲ್ಲ ನನ್ನ ದ್ಯಾಮವ್ವನ ಭೇಟಿ ಮಾಡಸ್ತಾನ ನನ್ನ ಮಗ. ನಾ ಇಲ್ಲೆ ಚಪ್ಪಲಿ ಕಾಯ್ಕೋತ ಕುಂದರತೇನಿ." ಆ ಚಳಿಗಾಲದಲ್ಲಿ ಅವಳ ಉಸಿರು ಇನ್ನಷ್ಟು ಕೆಟ್ಟಿತು. ಇನ್ನು ಮುಂದೂಡಿದರೆ ಆಯಿಗೆ ದರ್ಶನವೇ ಇಲ್ಲ ಅನ್ನುವುದು ಮಗನಿಗೂ ಗೊತ್ತಾಗಿತ್ತು.

ಆ ಬೆಳಿಗ್ಗೆ ಬಿಸಿಲು ಚೆಲ್ಲಿತ್ತು, ನೀರು ಅಲುಗದೆ ಮಲಗಿತ್ತು. ತೆಪ್ಪದ ಮೇಲೆ ಸಾವಕಾರರು, ವಿಂಚ್ ನಡೆಸುವವ, ನಾನು. ಇಳಿಯುವವರು ಮೂವರು: ಆಯಿ, ಮಗಳು, ಮಗ. ಆಯಿ ಹೊಸ ಇಳಕಲ್ ಸೀರೆ ಉಟ್ಟು ಮದುವೆಗೆ ಹೊರಟವಳ ಹಾಗಿದ್ದಳು. ಕಾಕಾ ತಂಗಿಯ ಚೀಲ ನೋಡಿದರು. ಕಾಯಿ ಇತ್ತು. "ಇದನ್ನ ಇಲ್ಲೇ ಒಡಿ" ಅಂದರು. ಆಯಿ, "ಅಕಿ ಮುಂದ ಇಟ್ಟ ತೋರಿಸಿ ತರ್ತೇವಿ ಬಿಡೋ, ಒಡಿಯಂಗಿಲ್ಲ" ಅಂದಳು. ಬಿಟ್ಟರು. ಆಯಿಯ ಉಡಿ ಉಬ್ಬಿತ್ತು. ಅದರ ಕಡೆ ಕಾಕಾ ನೋಡಿದ್ದನ್ನು ನಾನು ನೋಡಿದೆ. ಎಷ್ಟೋ ಹೆಂಗಸರ ಗಂಟು ಬಿಚ್ಚಿಸಿದ ಮನುಷ್ಯ. ತಾಯಿಯ ಉಡಿಗೆ ಕೈ ಹಾಕಿ ತಪಾಸ ಮಾಡುವುದುಂಟೆ? ನಮ್ಮ ಕಡೆ ಯಾವ ಮಗನೂ ಮಾಡಲಾರ. ತಲೆ ತಗ್ಗಿಸಿ ಅವಳನ್ನು ಎತ್ತಿ ಒಳಗೆ ಇಳಿಸಿದರು. ಮುಚ್ಚಳ ಬಿತ್ತು. ವಿಂಚಿನವ ಒಂದೊಂದೇ ಬೋಲ್ಟು ಬಿಗಿದ.

ಹಗ್ಗ ಇಳಿಯಿತು. ಒಂದು ಬಡಿತ ಕೇಳಿಸಿತು, ನಿಲ್ಲಿಸಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಸಾವಕಾರರು ನನಗೆ ಲಾಡ್ಜಿನ ಹೊಸ ರೂಮುಗಳ ವಿಷಯ ಹೇಳುತ್ತಿದ್ದರು. ಆಗ ಕೆಳಗಿನಿಂದ ಎರಡು ಪೆಟ್ಟು, ಒಂದರ ಹಿಂದೊಂದು.

"ಇನ್ನಾ ಕೆಳಗ ಬೇಕಂತ" ಅಂದ ವಿಂಚಿನವ.

"ಬಿಡು, ಮುದುಕಿ ಸಮಾಧಾನ ಆಗೂಮಟ ನೋಡ್ಲಿ" ಅಂದರು ಸಾವಕಾರರು.

ಹಗ್ಗ ಬಿಟ್ಟರು. ಅದು ಸಡಿಲವಾಗಿ ನೀರಿನ ಮೇಲೆ ಬಾಗಿತು. ಆಮೇಲೆ ಮೂರು ಪೆಟ್ಟು. ಮತ್ತೆ ಮೂರು. ಆಮೇಲೆ ಲೆಕ್ಕವಿಲ್ಲದೆ ಬಡಿಯತೊಡಗಿದರು. ವಿಂಚ್ ಎಳೆಯಿತು, ಹಗ್ಗ ಬಿಗಿಯಿತು, ಟಾಕಿ ಏಳಲಿಲ್ಲ. ತೆಪ್ಪದ ಒಂದು ಮಗ್ಗುಲು ನೀರಿಗೆ ತಾಗುವ ಹಾಗೆ ವಾಲಿತು. ಗುಡಿಯ ಪಕ್ಕದ ಹೂಳಿನಲ್ಲಿ ಕಾಂಕ್ರೀಟಿನ ಬುಡ ಹೂತು ಹೋಗಿತ್ತು. ಮಾಡುವುದೇನು ಅಂತ ಮೇಲಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬ ಮನುಷ್ಯ ಕೆಳಗಿದ್ದ. ನಾನು ದಂಡೆಯ ಕಡೆ ಕೂಗಿದೆ, ನನ್ನ ದನಿ ನನಗೇ ಗುರುತಾಗಲಿಲ್ಲ. ಮೀನು ಹಿಡಿಯುವವರು ಹರಗೋಲು ಹಾಕಿಕೊಂಡು ಬಂದು, ಕೋಲು ಹಾಕಿ ತೆಪ್ಪವನ್ನೇ ಬೇರೆ ದಿಕ್ಕಿಗೆ ತಳ್ಳಿದರು. ಓರೆಯಾಗಿ ಎಳೆದಾಗ ಕೆಸರಿನ ಗುಳ್ಳೆ ಎದ್ದು ಟಾಕಿ ಬಿಡಿಸಿಕೊಂಡಿತು. ಅಷ್ಟರಲ್ಲಿ ಒಳಗಿನ ಬಡಿತ ನಿಂತಿತ್ತು.

ಒಂದೇ ಪಾನಾ. ವಿಂಚಿನವ ಒಂದೊಂದೇ ಬಿಚ್ಚುತ್ತ ಬಂದ. ಎಲ್ಲ ಬೋಲ್ಟು ಬಿಚ್ಚಿದವು, ಒಂದು ಬಿಚ್ಚಲಿಲ್ಲ. ಕಬ್ಬಿಣದ ಆಚೆ, ಒಂದು ಗೇಣು ದೂರದಲ್ಲಿ, ಯಾರೋ ಕೆಮ್ಮುವುದು ಕೇಳಿಸುತ್ತಿತ್ತು. ಸಿಸ್ಟರ್‌ಗಳು ಕಲಿಸಿದ ಪ್ರೇಯರ್ ಒಂದೂ ನೆನಪಾಗಲಿಲ್ಲ ನನಗೆ. ಕಡೆಗೆ ಆ ಬೋಲ್ಟನ್ನು ಬಡಿದು ಮುರಿದು ಮುಚ್ಚಳ ತೆಗೆದಾಗ ಕರಿಹೊಗೆ ಎದ್ದಿತು, ಗರ್ಭಗುಡಿಯಲ್ಲಿ ಬರುತ್ತದಲ್ಲ, ಆ ಕರ್ಪೂರದ ವಾಸನೆ. ತಂಗಿಯನ್ನು ಮೊದಲು ಎಳೆದರು, ಅವಳು ತೆಪ್ಪದ ಮೇಲೆ ಬಿದ್ದುಕೊಂಡು ಉಸಿರಿಗಾಗಿ ಬಾಯಿ ತೆರೆದಳು. ಆಮೇಲೆ ಕಾಕಾ ತಾಯಿಯನ್ನು ಎರಡು ಕೈಯಲ್ಲಿ ಮೇಲೆತ್ತಿ ಹಿಡಿದರು, ತಗೊಳ್ಳಿ ಅನ್ನುವ ಹಾಗೆ. ನಾನೇ ತಗೊಂಡೆ. ಹಗುರಾಗಿದ್ದಳು. ಮುಖ ಶಾಂತವಾಗಿತ್ತು. ಟಾಕಿಯ ಕಿಟಕಿಗೆ ಒಳಗಿನಿಂದ ಅರಿಷಿಣ ಕುಂಕುಮ ಹಚ್ಚಿತ್ತು.

ಆ ಶಾಂತ ಮುಖವೇ ಮುಂದಿನದಕ್ಕೆಲ್ಲ ಕಾರಣ. ಪಂಚನಾಮೆಗೆ ಬಂದವರು ವಯಸ್ಸು, ದಮ್ಮು ಅಂತ ಬರೆದುಕೊಂಡರು. ಅದು ಸುಳ್ಳೂ ಅಲ್ಲ. ಸಂಜೆಯೊಳಗೆ ಊರೆಲ್ಲ ಒಂದೇ ಮಾತು: ದ್ಯಾಮವ್ವ ಭಕ್ತೆಯನ್ನು ತನ್ನ ಪಾದದ ಹತ್ತಿರ ಕರೆಸಿಕೊಂಡಳು. ಅಂಥ ಸಾವು ಯಾರಿಗೆ ಸಿಗುತ್ತದೆ? ತಂಗಿಯೂ ಬಂದವರಿಗೆಲ್ಲ, "ಅವ್ವ ಅಕಿ ಮಾರಿ ನೋಡಿ ಕಣ್ಣ ಮುಚ್ಚಿದ್ಳು" ಅಂತ ಅತ್ತು ಹೇಳಿದಳು. ಟಾಕಿ ಇಳಿಸುವುದು ನಿಂತಿದ್ದರೂ ದಂಡೆಗೆ ಮೊದಲಿಗಿಂತ ಹೆಚ್ಚು ಮಂದಿ ಬಂದು ನಿಂತರು. ಆಯಿ ಕೂತ ಬೆಂಚಿನ ಮೇಲೇ ಕೂಡಬೇಕು ಅಂತ ಕೇಳುವವರು. ಸಾವಕಾರರು ಅದಕ್ಕೆ ಹೂವಿನ ಹಾರ ಹಾಕಿಸಿದರು.

ಕಾಕಾ ಆ ದಿನಗಳಲ್ಲಿ ದಂಡೆಯ ಕಡೆ ಸುಳಿಯಲಿಲ್ಲ. ನಾನು ಹೋದಾಗ ಅಂಗಳದಲ್ಲಿ ಕೂತು ಹಗ್ಗದ ಗಂಟು ಹಾಕಿ ಬಿಚ್ಚುತ್ತಿದ್ದರು. ಸಮಾಧಾನ ಹೇಳಲು ನನಗೂ ಬೇರೆ ಮಾತು ಸಿಗದೆ, "ಆಯಿ ಪುಣ್ಯವಂತೆ" ಅಂದೆ. ಅವರು ತಲೆ ಎತ್ತಿ ನೋಡಿದರು. "ನೀವೂ ಹಂಗ ಅಂತೀರೇನ್ರಿ ಅಕ್ಕಾವ್ರ" ಅಂದರು, ಅಷ್ಟೇ.

ಆಯಿಯ ದಿವಸದ ಊಟಕ್ಕೆ ಹೊಸ ಊರಿನ ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ಮಠದ ಅಜ್ಜಾರು ಬಂದು ಆಶೀರ್ವಚನ ಮಾಡಿದರು. ಆಮೇಲೆ ಸಾವಕಾರರು ಮೈಕ್ ಹಿಡಿದು, ದಂಡೆಯ ಮೇಲೆ ಆಯಿಯ ಗದ್ದುಗೆ ಕಟ್ಟಿಸುವುದಾಗಿ, ಮರುದಿನದಿಂದ ದರ್ಶನ ಮತ್ತೆ ಶುರು ಮಾಡುವುದಾಗಿ ಹೇಳಿದರು. ಚಪ್ಪಾಳೆ ಬಿತ್ತು. ಎಲೆ ಹಾಕುತ್ತಿದ್ದರು. ಕಾಕಾ ಎದ್ದು, ಕಾಲು ಅಗಲಿಸಿ ನಡೆಯುತ್ತ ಹೋಗಿ, ಮೈಕ್ ತಗೊಂಡರು. ಅಜ್ಜಾರಿಗೆ ನಮಸ್ಕಾರ ಮಾಡಿದರು.

"ನಮ್ಮವ್ವ ದ್ಯಾಮವ್ವನ್ನ ನೋಡ್ಲಿಲ್ರಿ" ಅಂದರು. "ಗೋಡಿ ಕಂಡ್ತು. ಅಷ್ಟ. ಗೋಡಿ ಕಂಡಕೂಡ್ಲೇ ಅವ್ವ ಉಡಿಯಾಗಿಂದ ಕರ್ಪೂರ ತಗದ ಹಚ್ಚಿದ್ಳು. ಕಾಯಿ ಒಡದ್ವಿ. ಕಬ್ಬಿಣಕ್ಕ ಎರಡ ಪೆಟ್ಟ ಬಿತ್ತು, ಆ ಸಪ್ಪಳಾ ಮ್ಯಾಲಿನವ್ರಿಗೆ ಇಳಸು ಅಂದಂಗ ಕೇಳಿತು. ಅವರದೇನೂ ತಪ್ಪಿಲ್ಲ, ನಾ ಕಲಿಸ್ಕೊಟ್ಟದ್ದ ಹಂಗ. ಟಾಕಿ ಹೂಳಿನಾಗ ಸಿಕ್ಕಿತು. ಹೊಗಿಯಾಗ ನನಗ ಅವ್ವನ ಮಾರಿ ಕಾಣ್ಲಿಲ್ಲ, ಅಕಿಗೆ ದ್ಯಾಮವ್ವ ಎಲ್ಲಿಂದ ಕಾಣ್ಬೇಕು? ಪೈಪ್ ತಗದಾಂವ ನಾ. ಫೋನ್ ಹಾಕದಾಂವ ನಾ."

"ಅಣ್ಣಾ, ಸಾಕ ಮಾಡು" ಅಂತ ಹೆಂಗಸರ ನಡುವಿನಿಂದ ತಂಗಿ ಕೂಗಿದಳು.

ಕಾಕಾ ನಿಲ್ಲಿಸಲಿಲ್ಲ. "ಕಡೀಕ ಅವ್ವ ಏನಂದ್ಳು ಅಂತ ಎಲ್ಲಾರೂ ಕೇಳಾಕತ್ತೀರಿ. ದೇವರ ಹೆಸರ ಹೇಳಲಿಲ್ಲ. ನನ್ನ ಅಂಗಿ ಹಿಡದ, ಬಾಗ್ಲಾ ತಗೀ ತಮ್ಮಾ, ಅಂದ್ಳು. ನನಗ ಬರ್ತಿರ್ಲಿಲ್ಲ."

ಬಡಿಸುವವರು ಬುಟ್ಟಿ ಹಿಡಿದು ಹಾಗೇ ನಿಂತರು. ಆಮೇಲೆ ಒಬ್ಬ ಹಿರಿಯರು ಎದ್ದು, "ಹಡದವ್ವನ ಪುಣ್ಯಾ ಕಸಗೊಂಡಿ ನೀ" ಅಂದು ಹೊರಟರು. ಅರ್ಧ ಮಂದಿ ಅವರ ಹಿಂದೆ ಹೋದರು. ತಂಗಿ ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಳು.

ಟಾಕಿ ಮಾತ್ರ ನಿಲ್ಲಲಿಲ್ಲ. ತೆಪ್ಪ ಸಾವಕಾರರದು, ವಿಂಚು ಅವರದು, ಇಳಿಸಲು ಬೇರೆ ಯಾರನ್ನೋ ಕರೆತಂದರು. ಕಾಕಾ ಅರ್ಜಿ ಹಿಡಿದು ಅಡ್ಡಾಡಿದರು. ಇದು ಯಾರ ಕಾಯ್ದೆಯೊಳಗೂ ಬರುವುದಿಲ್ಲ ಅನ್ನುವ ಅದೇ ಉತ್ತರ, ಈ ಸಲ ಯಾರೂ ನಗಲಿಲ್ಲ. ಆಗ ಅವರು ಒಂದು ಕೆಲಸ ಮಾಡಿದರು. ದಿನಾ ಬೆಳಿಗ್ಗೆ ಹೋಗಿ ದಂಡೆಯ ಮೇಲೆ, ಟಿಕೇಟಿನ ಮೇಜಿಗೆ ಹೋಗುವ ದಾರಿಯಲ್ಲಿ ಕೂತರು. ಬಂದವರನ್ನು ತಡೆದು, ಬೈಯದೆ, ಕೂಗದೆ, ತಾಯಿ ಹೇಗೆ ಸತ್ತಳು ಅಂತ ಹೇಳುವರು. ಅಷ್ಟೇ ಮಾತು, ಅದೇ ಕ್ರಮದಲ್ಲಿ. ಕಡೆಗೆ, "ಇಷ್ಟ ಕೇಳಿ ಹೋಗ್ರಿ" ಅಂದು ದಾರಿ ಬಿಡುವರು. ಕೆಲವರು ತಿರುಗಿ ಹೋಗುವರು. ಕೆಲವರು, ಪಾಪ, ತಲೆ ಕೆಟ್ಟಿದೆ ಅಂತ ದಾಟಿ ಹೋಗುವರು. ಅಂಥವರು ಮೇಲೆ ಬರುವವರೆಗೆ ಕಾಕಾ ನೀರಿನ ಅಂಚಿನಲ್ಲಿ ನಿಂತೇ ಇರುವರು. ಸಂಜೆ ಸಾಲಿ ಬಿಟ್ಟ ಮೇಲೆ ನಾನು ಒಮ್ಮೊಮ್ಮೆ ಹೋಗಿ ಪಕ್ಕದಲ್ಲಿ ಕೂಡುತ್ತಿದ್ದೆ. ಎಷ್ಟು ಸಲ ಕೇಳಿದರೂ "ಬಾಗ್ಲಾ ತಗೀ ತಮ್ಮಾ" ಅನ್ನುವ ವಾಕ್ಯಕ್ಕೆ ಬಂದಾಗ ಅವರ ದನಿ ಗಟ್ಟಿಯಾಗಲಿಲ್ಲ, ಅವರಿಗೆ ಅದು ಅಭ್ಯಾಸವೂ ಆಗಲಿಲ್ಲ.

ಒಂದನ್ನು ಗಮನಿಸಿದ್ದೆ. "ಕಾಯಿ ಒಡದ್ವಿ" ಅನ್ನುವರೇ ಹೊರತು ಯಾರು ಒಡೆದದ್ದು ಅಂತ ಎಂದೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಬೇಸಿಗೆ ಹತ್ತಿರ ಬಂದಾಗ ಒಂದು ಶನಿವಾರ ಮಧ್ಯಾಹ್ನ, ನಾನು ಕಾಕಾನ ಪಕ್ಕದಲ್ಲಿ ಕೂತಿದ್ದಾಗ, ಇಂಡಿಯ ಕಡೆಯಿಂದ ಒಂದು ಕುಟುಂಬ ಬಂತು. ಈ ಊರಿನಿಂದ ಲಗ್ನವಾಗಿ ಹೋದ ಹೆಣ್ಣುಮಗಳು, ಅವಳ ಗಂಡ, ಅತ್ತೆ. ಅತ್ತೆಯ ಎದೆಯೂ ಸಿಳ್ಳೆ ಹೊಡೆಯುತ್ತಿತ್ತು. ಕಾಕಾ ಹೇಳಿದರು. ಆ ಹೆಣ್ಣುಮಗಳು ಕೇಳಿ, ಉಡಿಯ ಗಂಟನ್ನು ಎದೆಗೆ ಒತ್ತಿಕೊಂಡು ಅಂದಳು, "ನೀವು ಅಂತೀರಿ. ಆಯಿಗೆ ದರ್ಶನ ಆತಂತ ಅವರ ಮಗಳ ಹೇಳ್ಯಾಳಲ್ರಿ. ಅಕಿನೂ ಒಳಗ ಇದ್ಳು."

ಕಾಕಾ ಕೈಯಲ್ಲಿದ್ದ ದಾರಕ್ಕೆ ಇನ್ನೊಂದು ಗಂಟು ಹಾಕಿದರು. ಉತ್ತರ ಕೊಟ್ಟರೆ ತಂಗಿಯನ್ನು ಸುಳ್ಳಿ ಅನ್ನಬೇಕು. ಗಂಡ ಆಗಲೇ ಟಿಕೇಟಿನ ಮೇಜಿನ ಕಡೆ ನಡೆದ.

ಗುಡ್ಡದ ದಾರಿಯಿಂದ ಒಬ್ಬಳು ಇಳಿದು ಬಂದು ನಮ್ಮ ಹಿಂದೆ ಯಾವಾಗ ನಿಂತಿದ್ದಳೋ, ನಾನು ನೋಡಿರಲಿಲ್ಲ. ತಂಗಿ. ತಲೆಯ ಮೇಲೆ ಸೆರಗು, ಕಾಲಲ್ಲಿ ಚಪ್ಪಲಿ ಇಲ್ಲ. ಅಣ್ಣನ ಕಡೆ ನೋಡಲಿಲ್ಲ. ಆ ಹೆಣ್ಣುಮಗಳ ಎದುರು ಬಂದು ನಿಂತಳು.

"ಆ ಮಗಳ ನಾನ ನೋಡವ್ವಾ" ಅಂದಳು. "ಅಂವ ಹೇಳಿದ್ದ ಖರೇ. ಅವ್ವಗ ಏನೂ ಕಾಣ್ಲಿಲ್ಲ. ಕಾಯಿ ಒಡದಾಕಿ ನಾನು."

ಹೇಳಿ ಅಲ್ಲೇ, ಅಣ್ಣನ ಪಕ್ಕದಲ್ಲಿ, ಬಿಸಿಲಿನಲ್ಲಿ ಕೂತಳು. ಆ ಹೆಣ್ಣುಮಗಳು ಇಬ್ಬರನ್ನೂ ನೋಡಿ, ಗಂಡನನ್ನು ಹೆಸರು ಹಿಡಿಯದೆ, "ಏನ್ರಿ, ಬರ್ರಿ ಇತ್ತ" ಅಂತ ಕರೆದಳು. ಅತ್ತೆಯ ಕೈ ಹಿಡಿದು ಬಸ್ಸಿನ ಕಡೆ ಹೊರಟಳು.